36 ವಾರ ದಾಟಿತು, ತವರುಮನೆ ಹಳ್ಳದಾಚೆ. ಕೊನೆಯ ದಿನಗಳಲ್ಲಿ ಏನೇನಾಗುತ್ತೆ, ಯಾವಾಗ ಹೊರಡಬೇಕು?

ತುಂಗಾತೀರ · ಜುಲೈ 8, ಸಂಜೆ 6:50

ಎಲ್ಲರಿಗೂ ನಮಸ್ಕಾರ. ನಂಗಿದು ಚೊಚ್ಚಲು. ಇವತ್ತಿಗೆ 36 ವಾರ 3 ದಿನ. ಆಗಸ್ಟ್ 2ಕ್ಕೆ ಡೇಟ್ ಕೊಟ್ಟಿದಾರೆ. ಸೀಮಂತ ಮುಗಿಸಿಕೊಂಡು ತವರಿಗೆ ಬಂದು ತಿಂಗಳಾಯ್ತು, ಯಜಮಾನರು ಬೆಂಗಳೂರಲ್ಲಿದಾರೆ. ನಮ್ಮನೆ ತೀರ್ಥಹಳ್ಳಿಯಿಂದ 18 ಕಿಲೋಮೀಟರ್ ಒಳಗೆ. ಮಳೆಗಾಲದಲ್ಲಿ ಹಳ್ಳ ತುಂಬಿದ್ರೆ ಜೀಪು ಅಂಗಳದವರೆಗೆ ಬರಲ್ಲ. ಕಾಲುಸಂಕ ದಾಟಿ ಕಾಲು ಗಂಟೆ ನಡೆದ್ರೆ ಡಾಂಬರು ರಸ್ತೆ. ಕರೆಂಟ್ ಹೋದ್ರೆ ನೆಟ್‌ವರ್ಕೂ ಹೋಗುತ್ತೆ, ಅದಕ್ಕೇ ಮನಸ್ಸಲ್ಲಿರೋದನ್ನೆಲ್ಲ ಒಟ್ಟಿಗೇ ಕೇಳ್ತಿದೀನಿ.

ದಿನಕ್ಕೆ ಏಳೆಂಟು ಸಲ ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗುತ್ತೆ, ಆಮೇಲೆ ಬಿಡುತ್ತೆ. ನೋವು ಅಂತ ಏನಿಲ್ಲ. ಇದೇನಾ ಶುರು? ನಿಜವಾದ ನೋವು ಬಂದಾಗ ಹೇಗೆ ಗೊತ್ತಾಗುತ್ತೆ? ಅಮ್ಮನ್ನ ಕೇಳಿದ್ರೆ "ಬಂದಾಗ ನಿಂಗೇ ಗೊತ್ತಾಗುತ್ತೆ, ಯಾರೂ ಹೇಳಿಕೊಡಬೇಕಾಗಿಲ್ಲ" ಅಂತಾರೆ. ಅತ್ತೆ ದಿನಾ ಫೋನ್ ಮಾಡಿ ಈಗ್ಲೇ ಪೇಟೆಗೆ ಹೋಗಿರು ಅಂತಾರೆ. ನೀರು ಹೋಗೋದು ಅಂದ್ರೆ ಹೇಗಿರುತ್ತೆ? ರಾತ್ರಿ ನಿದ್ದೆ ಇಲ್ಲ, ಎದೆ ಉರಿ, ಗಂಟೆಗೊಂದು ಸಲ ಬಚ್ಚಲಿಗೆ. ಇವೆಲ್ಲ ಎಲ್ಲರಿಗೂ ಆಗುತ್ತಾ?

ಇನ್ನೊಂದು. ನಿನ್ನೆಯಿಂದ ಮಗು ಅಲುಗಾಟ ಸ್ವಲ್ಪ ಕಮ್ಮಿ ಅನ್ನಿಸ್ತಿದೆ. ಬೆಳೆದಿದೆ ಅಂತ ಇರಬಹುದು ಅಂದುಕೊಂಡೆ.

ಇಬ್ಬರಮ್ಮ · ಜುಲೈ 8, ಸಂಜೆ 7:10

ಮೊದಲಿಗೆ ಅಭಿನಂದನೆ ಕಣಮ್ಮ. ಎಲ್ಲರಿಗೂ ಆಗೋದೇ ಇದು, ಹೆದರಬೇಡ. ನಂಗೆ ಎರಡೂ ಸಲ ಆಗಿತ್ತು.

ಮುಂದಿನ ಎರಡು ವಾರದಲ್ಲಿ ಹೊಟ್ಟೆ ಕೆಳಗಿಳಿಯುತ್ತೆ. ಮಗುವಿನ ತಲೆ ಸೊಂಟದ ಮೂಳೆಯೊಳಗೆ ಕೂತ್ಕೊಳುತ್ತೆ. ಆಗ ಉಸಿರಾಟ ಹಗುರ ಆಗುತ್ತೆ, ಎದೆ ಉರಿ ಎಷ್ಟೋ ಕಮ್ಮಿ. ಆದ್ರೆ ಬಚ್ಚಲಿಗೆ ಓಡೋದು ಇನ್ನೂ ಹೆಚ್ಚು. ನಡೆಯುವಾಗ ಕೆಳಗಡೆ ಚುಳ್ ಅಂತ ಮಿಂಚು ಹೊಡೆದ ಹಾಗಾಗುತ್ತೆ, ನಾನಂತೂ ಒಂದು ಸಲ ರಸ್ತೆ ಮಧ್ಯದಲ್ಲೇ ನಿಂತುಬಿಟ್ಟಿದ್ದೆ. ಸೊಂಟ ನೋವು, ಕಾಲು ಹಿಡ್ಕೊಳೋದು ಎಲ್ಲ ಇದ್ದದ್ದೇ. ಎರಡನೇದ್ರಲ್ಲಿ ಹೊಟ್ಟೆ ಇಳಿದಿದ್ದೇ ಹೆರಿಗೆ ದಿನ, ಅದೂ ಸರಿನೇ ಅಂದ್ರು ಡಾಕ್ಟ್ರು.

ಹೊಟ್ಟೆ ಗಟ್ಟಿಯಾಗೋದು ಸುಳ್ಳು ನೋವು. ಎಡಕ್ಕೆ ಮಲಗಿ ನೀರು ಕುಡಿ, ಹೋಗುತ್ತೆ. ಅಲುಗಾಟ ಕಮ್ಮಿ ಆಗೋದೂ ಸಹಜ. ಒಳಗೆ ಜಾಗ ಎಲ್ಲಿರುತ್ತೆ ಹೇಳು, ಪಾಪ.

ಹೆರಿಗೆ ವಾರ್ಡಿನವಳು · ಜುಲೈ 8, ಸಂಜೆ 7:22

ತುಂಗಾತೀರ, ಉಳಿದದ್ದೆಲ್ಲ ಆಮೇಲೆ ಓದಿ. ಮೊದಲು ಇದು.

ಹದಿನಾಲ್ಕು ವರ್ಷದಿಂದ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದೀನಿ. ಜಾಗ ಇಲ್ಲ ಅಂತ ಮಗು ಸುಮ್ಮನಾಗುತ್ತೆ ಅನ್ನೋದು ತಪ್ಪು. ಅಲುಗಾಟದ ರೀತಿ ಬದಲಾಗಬಹುದು, ಜಾಡಿಸಿ ಒದೆಯೋ ಬದಲು ಹೊರಳಿದ ಹಾಗೆ, ಮೈಮುರಿದ ಹಾಗೆ ಅನ್ನಿಸಬಹುದು. ಆದ್ರೆ ಎಷ್ಟು ಸಲ ಅಲುಗುತ್ತೆ ಅನ್ನೋದು ಹೆರಿಗೆ ಆಗೋವರೆಗೂ ಕಮ್ಮಿ ಆಗಬಾರದು. ಕಮ್ಮಿಯಾಯ್ತು ಅಂದ್ರೆ ಒಳಗೆ ರಕ್ತ, ಆಮ್ಲಜನಕ ಸಾಲ್ತಿಲ್ಲ ಅನ್ನೋದಕ್ಕೆ ಅದು ಮೊದಲ ಸೂಚನೆ ಆಗಿರಬಹುದು. ಎಷ್ಟೋ ಸಲ ಏನೂ ಇರಲ್ಲ. ಆದ್ರೆ ಏನೂ ಇಲ್ಲ ಅಂತ ಮನೆಯಲ್ಲಿ ಕೂತು ಹೇಳೋಕಾಗಲ್ಲ, ಬೆಲ್ಟ್ ಕಟ್ಟಿ ಎದೆಬಡಿತ ನೋಡ್ಲೇಬೇಕು.

ಈಗ್ಲೇ ಏನಾದ್ರೂ ತಿಂದು ಎಡಕ್ಕೆ ಮಲಗಿ, ಫೋನ್ ಪಕ್ಕಕ್ಕಿಟ್ಟು ಹೊಟ್ಟೆ ಮೇಲೆ ಕೈಯಿಟ್ಟು ಎಣಿಸಿ. ಎರಡು ಗಂಟೆಯೊಳಗೆ ಹತ್ತು ಸಲ ಅಲುಗಬೇಕು. ಅಷ್ಟು ಆಗದಿದ್ರೆ ರಾತ್ರಿ ಅಂತ ನೋಡದೆ ಹೊರಡಿ. ಹತ್ತು ಆದ್ರೂ "ಇದು ನನ್ನ ಮಗುವಿನ ರೀತಿ ಅಲ್ಲ" ಅಂತ ಮನಸ್ಸು ಹೇಳ್ತಿದ್ರೆ ಆಗ್ಲೂ ಹೊರಡಿ. ಬೆಳಿಗ್ಗೆವರೆಗೆ ನೋಡೋಣ ಅನ್ನಬೇಡಿ.

ಇಬ್ಬರಮ್ಮ · ಜುಲೈ 8, ಸಂಜೆ 7:31

ನನ್ನ ಅನುಭವ ಹೇಳ್ದೆ ಅಷ್ಟೆ. ನಂಗೆ ಎರಡೂ ಸಲ ಕೊನೆಗೆ ಕಮ್ಮಿ ಇತ್ತು, ಮಕ್ಕಳು ಗಟ್ಟಿಮುಟ್ಟಾಗೇ ಹುಟ್ಟಿದ್ವು. ಚೊಚ್ಚಲ ಬಸುರೀನ ರಾತ್ರಿ ಹೊತ್ತು ಮಳೇಲಿ ಹಳ್ಳ ದಾಟಿಸೋದು ಅಪಾಯ ಅಲ್ವಾ?

ಹೆರಿಗೆ ವಾರ್ಡಿನವಳು · ಜುಲೈ 8, ಸಂಜೆ 7:36

ನಿಮ್ಮ ಮಕ್ಕಳು ಚೆನ್ನಾಗಿ ಹುಟ್ಟಿದ್ದು ನಿಜಕ್ಕೂ ಸಂತೋಷ ಅಕ್ಕ. "ಜಾಗ ಇಲ್ಲ ಅಂದುಕೊಂಡ್ವಿ" ಅಂತ ಎರಡು ದಿನ ಬಿಟ್ಟು ಬಂದವರನ್ನ ನಾನು ಕಂಡಿದೀನಿ. ಅವರ ಮುಖ ಮರೆಯೋಕಾಗಲ್ಲ ನಂಗೆ. ಅದಕ್ಕೇ ಈ ಒಂದು ಮಾತಲ್ಲಿ ಮಾತ್ರ ಗಟ್ಟಿಯಾಗಿ ಹೇಳ್ತೀನಿ, ಬೇಜಾರಾಗಬೇಡಿ. ಹಳ್ಳ ಇನ್ನೂ ಏರೋ ಮುಂಚೆ ದಾಟೋದೇ ಒಳ್ಳೇದು.

ಲೀಡ್ಸ್ ಕನ್ನಡತಿ · ಜುಲೈ 8, ಸಂಜೆ 7:44

ನರ್ಸ್ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಇಲ್ಲಿ ಇಂಗ್ಲೆಂಡಿನಲ್ಲಿ ಮಿಡ್‌ವೈಫ್ ಪ್ರತಿ ಭೇಟಿಯಲ್ಲೂ ಇದೇ ಮಾತು ಹೇಳ್ತಿದ್ರು: ಅಲುಗಾಟ ಕಮ್ಮಿ ಅನ್ನಿಸಿದ್ರೆ ಅದೇ ದಿನ ಫೋನ್ ಮಾಡು, ನಾಳೆಗೆ ಇಡಬೇಡ. ನಾನು ಮೂರು ಸಲ ಹೋಗಿದ್ದೆ, ಮೂರು ಸಲವೂ ಎಲ್ಲ ಸರಿ ಇತ್ತು. ಒಬ್ಬರೂ ಮುಖ ಸಿಂಡರಿಸಲಿಲ್ಲ. ಹೊರಡಿ ತುಂಗಾತೀರ.

ತುಂಗಾತೀರ · ಜುಲೈ 8, ರಾತ್ರಿ 8:55

ಊಟ ಮಾಡಿ ಮಲಗಿ ಎಣಿಸಿದೆ. ಒಂದು ಗಂಟೆ ಕಾಲಲ್ಲಿ ಮೂರು ಸಲ ಮಾತ್ರ. ಅಪ್ಪ ಪಕ್ಕದ ಮನೆಯವರ ಜೀಪು ಕರೆದಿದಾರೆ, ರಸ್ತೆ ಹತ್ರ ನಿಂತಿದೆ. ಇಬ್ಬರು ಕೈ ಹಿಡ್ಕೊಂಡು ಸಂಕ ದಾಟಿಸ್ತಾರಂತೆ. ತಾಯಿ ಕಾರ್ಡ್, ಸ್ಕ್ಯಾನ್ ಫೈಲ್ ತಗೊಂಡಿದೀನಿ. ಹೊರಟ್ವಿ.

ಧಾರವಾಡದ ದೊಡ್ಡವ್ವ · ಜುಲೈ 8, ರಾತ್ರಿ 9:05

ಆರಾಮ ಹೋಗಿ ಬಾ ನನ್ನವ್ವ. ದೇವರು ಅದಾನ. ಮುಟ್ಟಿದ ಕೂಡ್ಲೆ ತಿಳಸು, ಎದ್ದ ಕುಂತಿರ್ತೀನಿ.

ತುಂಗಾತೀರ · ಜುಲೈ 9, ಬೆಳಿಗ್ಗೆ 10:20

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗು ಚೆನ್ನಾಗಿದೆ. ರಾತ್ರಿ ತಾಲೂಕು ಆಸ್ಪತ್ರೆಯಲ್ಲಿ ಬೆಲ್ಟ್ ಕಟ್ಟಿ ನಲವತ್ತು ನಿಮಿಷ ನೋಡಿದ್ರು. ಮೊದಲು ಮಲಗಿತ್ತಂತೆ, ಆಮೇಲೆ ಎದ್ದು ಸರಿಯಾಗಿ ಅಲುಗಾಡ್ತು. ಎದೆಬಡಿತ 140ರ ಆಸುಪಾಸು. ಬೆಳಿಗ್ಗೆ ಸ್ಕ್ಯಾನ್ ಮಾಡಿದ್ರು, ಮಗುವಿನ ಸುತ್ತ ಇರೋ ನೀರಿನ ಅಳತೆ 9 ಇದೆ, ಸಾಕು ಅಂದ್ರು. ಬಿಪಿ 128/82. ರಕ್ತ (ಹಿಮೋಗ್ಲೋಬಿನ್) ಮಾತ್ರ 10.1, ಕಬ್ಬಿಣದ ಮಾತ್ರೆ ಬಿಡದೆ ತಗೋ ಅಂತ ಬೈದ್ರು. ನಾನು ಮಾತ್ರೆ ನುಂಗಿ ಅದರ ಮೇಲೆ ಕಾಫಿ ಕುಡೀತಿದ್ದೆ, ಹಾಗೆ ಮಾಡಿದ್ರೆ ಮೈಗೆ ಹತ್ತೋದೇ ಇಲ್ವಂತೆ. ಇನ್ಮೇಲೆ ಕಾಫಿಗೂ ಮಾತ್ರೆಗೂ ನಡುವೆ ಒಂದೆರಡು ಗಂಟೆ ಬಿಡ್ತೀನಿ, ಮಾತ್ರೆ ಜೊತೆ ನಿಂಬೆ ಶರಬತ್ತು.

ಬಂದದ್ದಕ್ಕೆ ಡಾಕ್ಟ್ರು ಬೈಯಲಿಲ್ಲ. ಹೀಗನ್ನಿಸಿದಾಗೆಲ್ಲ ಬಾ ಅಂದ್ರು. ಇವತ್ತು 9ನೇ ತಾರೀಖು, ಇಲ್ಲಿ ಗರ್ಭಿಣಿಯರ ಸಾಲು ಬಾಗಿಲವರೆಗೆ ಇದೆ.

ಆದ್ರೆ ಸ್ಕ್ಯಾನ್ ರಿಪೋರ್ಟಲ್ಲಿ ಹೊಕ್ಕುಳಬಳ್ಳಿ ಕುತ್ತಿಗೆಗೆ ಒಂದು ಸುತ್ತು ಅಂತಿದೆ. ಅದನ್ನ ನೋಡಿ ಅಮ್ಮನಿಗೆ ರಾತ್ರಿಗಿಂತ ಹೆಚ್ಚು ಗಾಬರಿ.

ಸಾಗರದ ಸೊಸೆ · ಜುಲೈ 9, ಬೆಳಿಗ್ಗೆ 10:41

ಪ್ರತಿ ತಿಂಗಳು 9ಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಇರುತ್ತೆ, 2016ರಿಂದ ನಡೀತಿದೆ. ನಾನು ಎರಡು ಸಲ ಹೋಗಿದ್ದೆ. ಸಾಲು ಉದ್ದ, ಆದ್ರೆ ಚೆನ್ನಾಗಿ ನೋಡ್ತಾರೆ.

ಬೇಸತ್ತವನು · ಜುಲೈ 9, ಬೆಳಿಗ್ಗೆ 11:02

ಬಳ್ಳಿ ಸುತ್ತಿದೆ ಅಂದ್ರಾ? ಮುಗೀತು. ಮುಂದಿನ ಮಾತು "ಸಿಜೇರಿಯನ್ ಮಾಡಲೇಬೇಕು". ನನ್ನ ಹೆಂಡತಿಗೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೀಗೇ ಹೆದರಿಸಿ ಆಪರೇಷನ್ ಮಾಡಿದ್ರು. 2019ರಿಂದ 21ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ದೇಶದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ನೂರಕ್ಕೆ 14.3 ಸಿಜೇರಿಯನ್, ಖಾಸಗಿಯಲ್ಲಿ 47.4. ಹೊಕ್ಕುಳಬಳ್ಳಿ ಏನು ಖಾಸಗಿ ಆಸ್ಪತ್ರೆಯಲ್ಲಿ ಮಾತ್ರ ಸುತ್ತಿಕೊಳುತ್ತಾ?

ಹೆರಿಗೆ ವಾರ್ಡಿನವಳು · ಜುಲೈ 9, ಮಧ್ಯಾಹ್ನ 1:15

ಮಗು ಚೆನ್ನಾಗಿದೆ ಅಂತ ಓದಿ ನೆಮ್ಮದಿಯಾಯ್ತು.

ಬಳ್ಳಿಯ ವಿಷಯ. ಹುಟ್ಟೋ ಮಕ್ಕಳಲ್ಲಿ ನಾಲ್ಕೈದಕ್ಕೆ ಒಂದರ ಕುತ್ತಿಗೆಗೆ ಬಳ್ಳಿ ಸುತ್ತಿರುತ್ತೆ. ತಲೆ ಹೊರಗೆ ಬಂದ ಕೂಡಲೇ ನಾವು ಬೆರಳಿನಿಂದ ಬಿಡಿಸಿ ತೆಗೀತೀವಿ. ಇದು ವಾರ್ಡಿನಲ್ಲಿ ದಿನನಿತ್ಯದ ಕೆಲಸ. ಮಗು ಇನ್ನೂ ಶ್ವಾಸಕೋಶದಿಂದ ಉಸಿರಾಡ್ತಿರಲ್ಲ, ಅದರ ಉಸಿರೆಲ್ಲ ಬಳ್ಳಿಯ ರಕ್ತದಲ್ಲೇ. ಹಾಗಾಗಿ ನಾವು ಅಂದುಕೊಂಡ ಹಾಗೆ ಕುತ್ತಿಗೆ ಬಿಗಿದು ಉಸಿರುಗಟ್ಟಲ್ಲ. ಬಳ್ಳಿಯೇ ಒತ್ತಿಹೋದ್ರೆ ತೊಂದರೆ, ಅದು ನೋವಿನ ಹೊತ್ತಲ್ಲಿ ಎದೆಬಡಿತದಲ್ಲಿ ಗೊತ್ತಾಗುತ್ತೆ. ಒಂದು ಸುತ್ತು ಅನ್ನೋದೊಂದೇ ಸಿಜೇರಿಯನ್‌ಗೆ ಕಾರಣ ಅಲ್ಲ. ಅಮ್ಮನಿಗೆ ಇದನ್ನ ಓದಿ ಹೇಳಿ.

ಬೇಸತ್ತವನು ಅವರೇ, ನಿಮ್ಮ ಸಿಟ್ಟು ಅರ್ಥ ಆಗುತ್ತೆ, ಅಂಕಿನೂ ಸರಿ ಇದೆ. ಆದ್ರೆ ಇನ್ನು ಮೂರು ವಾರದಲ್ಲಿ ಹೆರೋ ಹುಡುಗಿಗೆ "ಡಾಕ್ಟ್ರನ್ನ ನಂಬಬೇಡ" ಅಂತ ಹೇಳಿಕೊಟ್ರೆ ನಿಜವಾಗಿ ಬೇಕಾದಾಗ ಅವಳು ಬೇಡ ಅಂತಾಳೆ. "ಯಾಕೆ? ಕಾಯ್ದರೆ ಏನಾಗುತ್ತೆ? ಬೇರೆ ದಾರಿ ಇದೆಯಾ?" ಅಂತ ಕೇಳೋದನ್ನ ಕಲಿಸೋಣ.

ಹೊಲಿಗೆ ಬಿದ್ದವಳು · ಜುಲೈ 9, ಮಧ್ಯಾಹ್ನ 2:30

ನಂದು ಸಿಜೇರಿಯನ್. ಹನ್ನೊಂದು ಗಂಟೆ ನೋವು ತಿಂದು, ಗರ್ಭಕೋಶದ ಬಾಯಿ ತೆರೆಯೋದು ಏಳು ಸೆಂಟಿಮೀಟರಿಗೆ ನಿಂತುಹೋಗಿ, ಮಗುವಿನ ಬಡಿತ ಇಳಿದು, ಓಡೋಡಿ ಥಿಯೇಟರಿಗೆ ಒಯ್ದರು. ಮಾಡದಿದ್ರೆ ಮಗ ಇರ್ತಿರಲಿಲ್ಲ. ಆದ್ರೂ ನಾಮಕರಣದಲ್ಲಿ ಬಂದವರೆಲ್ಲ "ಅಯ್ಯೋ ನಾರ್ಮಲ್ ಆಗ್ಲಿಲ್ವಾ" ಅಂತ ಕೇಳಿದ್ರು. ಆ ಮಾತು ಹೊಲಿಗೆಗಿಂತ ಹೆಚ್ಚು ನೋಯಿಸ್ತು. ದಯವಿಟ್ಟು ಇಲ್ಲಿ ಅದನ್ನ ಮಾಡಬೇಡಿ.

ಬೇಸತ್ತವನು · ಜುಲೈ 9, ಮಧ್ಯಾಹ್ನ 2:52

ಕ್ಷಮಿಸಿ ಅಕ್ಕ. ನಿಮ್ಮಂಥವರ ಬಗ್ಗೆ ಹೇಳಿದ್ದಲ್ಲ. ಬೇಡದಿದ್ದಾಗ ಮಾಡೋರ ಬಗ್ಗೆ ನನ್ನ ಸಿಟ್ಟು.

ಮಂಡ್ಯ ಗೌರಿ · ಜುಲೈ 9, ಸಂಜೆ 4:10

ಬೇಡದೆ ಮಾಡೋರು ಆಸ್ಪತ್ರೆಯವರು ಮಾತ್ರ ಅಲ್ಲ, ನಾವೂ ಇದೀವಿ. ನಮ್ಮ ಅತ್ತಿಗೆಗೆ ಒಳ್ಳೆ ನಕ್ಷತ್ರ ಅಂತ ಮುಹೂರ್ತ ಇಡಿಸಿ 37ನೇ ವಾರಕ್ಕೇ ಆಪರೇಷನ್ ಮಾಡಿಸಿದ್ರು, ಮನೆಯವರದೇ ಒತ್ತಾಯ. ಮಗುಗೆ ಉಸಿರಾಟದ ತೊಂದರೆ. ನಾಲ್ಕು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು, ಬಾಣಂತಿ ಇನ್ನೊಂದು ಮಹಡೀಲಿ ಹಾಲು ಹಿಂಡಿ ಕಳಿಸ್ತಾ ಅಳ್ತಾ ಇದ್ಲು. ಕೊನೆಯ ಎರಡು ಮೂರು ವಾರ ಮಗುವಿನ ಶ್ವಾಸಕೋಶ, ಮಿದುಳು ಬಲಿಯೋ ಹೊತ್ತು. ಕಾರಣ ಇಲ್ಲದೆ 39 ವಾರಕ್ಕೆ ಮುಂಚೆ ತೆಗೆಯಬಾರದು ಅಂತ ಆಮೇಲೆ ಮಕ್ಕಳ ಡಾಕ್ಟ್ರು ಹೇಳಿದ್ರು. ಮೊದಲೇ ಯಾರಾದ್ರೂ ಗಟ್ಟಿಯಾಗಿ ಹೇಳಿದ್ರೆ ಆ ನಾಲ್ಕು ದಿನ ಇರ್ತಿರಲಿಲ್ಲ.

ಇಬ್ಬರಮ್ಮ · ಜುಲೈ 9, ಸಂಜೆ 4:25

ನಮ್ಮ ಕಡೆನೂ ಇದು ಶುರುವಾಗಿದೆ. ಹುಟ್ಟೋ ಮಗು ತನ್ನ ನಕ್ಷತ್ರ ತಾನೇ ತರುತ್ತೆ ಬಿಡಿ.

ನರ್ಸ್ ಅಮ್ಮ, ನಿನ್ನೆ ನಾನು ಹೇಳಿದ್ದು ತಪ್ಪು. ಆ ಹುಡುಗಿ ನನ್ನ ಮಾತು ಕೇಳಿ ಮಲಗಿಬಿಟ್ಟಿದ್ರೆ ಅಂತ ರಾತ್ರಿಯೆಲ್ಲ ಯೋಚನೆ.

ಧಾರವಾಡದ ದೊಡ್ಡವ್ವ · ಜುಲೈ 9, ರಾತ್ರಿ 8:00

ಬಿಪಿ ಮಾತು ಬಂತಂತ ಹೇಳ್ತೀನಿ ಕೇಳ್ರಿ. ನಮ್ಮ ತಂಗಿ 37ನೇ ವಾರದಾಗ ತಲಿ ನೋವು ಅಂತಿದ್ಲು. ನಿದ್ದಿ ಇಲ್ಲ, ಅದಕ್ಕ ಅಂದ್ವಿ. ಮಾರಿ, ಕೈ ಬಾತಿದ್ವು, ಬಳಿ ಏರಿಸಾಕ ಬರ್ತಿರಲಿಲ್ಲ. ಬಸರಾಗ ಬಾವು ಬರೂದ ಅಂತ ಬಿಟ್ವಿ. ಮೂರನೇ ದಿನ ಕಣ್ಣ ಮುಂದ ಚುಕ್ಕಿ ಚುಕ್ಕಿ ಕಾಣಾಕತ್ತಾವು, ಪಕ್ಕಡಿ ಕೆಳಗ ನೋವು ಅಂದ್ಲು. ದವಾಖಾನಿಗೆ ಒಯ್ಯೂದ್ರಾಗ ದಾರ್ಯಾಗ ಫಿಟ್ಸ್ ಬಂತು. ಬಿಪಿ 170/110. ತಾಯಿ ಕೂಸು ಇಬ್ರೂ ಉಳದ್ರು, ಅದು ಅವರ ಪುಣ್ಯಾ.

ಸಂಜಿ ಮುಂದ ಕಾಲ ಬಾಯೂದು ಬ್ಯಾರೆ. ಮಾರಿ ಕೈ ಒಮ್ಮೆಲೆ ಬಾತು, ತಲಿ ಸಿಡಿಯಾಕತ್ರ, ಕಣ್ಣ ಮಂಜಾದ್ರ ಬಾಮು ಹಚ್ಚಿ ಮಲಗಬ್ಯಾಡ. ಬಿಪಿ 140/90 ದಾಟಿದ್ರ ಆಟ ಅಲ್ಲ ಅದು.

ಹೆರಿಗೆ ವಾರ್ಡಿನವಳು · ಜುಲೈ 9, ರಾತ್ರಿ 8:20

ದೊಡ್ಡವ್ವ ಹೇಳಿದ್ದನ್ನ ಎಲ್ಲರೂ ಎರಡು ಸಲ ಓದಿ. ಇನ್ನೊಂದನ್ನೂ ಸೇರಿಸ್ತೀನಿ. ಕೊನೆ ವಾರಗಳಲ್ಲಿ ಹೊಟ್ಟೆ ಚರ್ಮ ಹಿಗ್ಗಿ ತುರಿಸೋದು ಸಾಮಾನ್ಯ. ಅಂಗೈ, ಅಂಗಾಲು ಗುಳ್ಳೆ ಇಲ್ಲದೆ ತುರಿಸಿದ್ರೆ, ಅದೂ ರಾತ್ರಿ ಜಾಸ್ತಿ ಆದ್ರೆ, ಪಿತ್ತಜನಕಾಂಗದ ತೊಂದರೆ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ.

ಕುಂದಾಪ್ರ ಹೆಣ್ಣು · ಜುಲೈ 10, ಬೆಳಿಗ್ಗೆ 9:15

ನೀರು ಹೋಗುವುದು ಹೇಗೆ ಅಂತ ಕೇಳಿದ್ದಕ್ಕೆ ಯಾರೂ ಹೇಳ್ಲಿಲ್ಲ ಅಲ್ಲ? ನನ್ನದು ಹೇಳ್ತೇನೆ. ನೋವಿರ್ಲಿಲ್ಲ ಮಾರಾಯ್ರೆ. ಬೆಳಿಗ್ಗೆ ಹೂ ಕೊಯ್ಲಿಕ್ಕೆ ಹೋದವಳು ಬಗ್ಗಿ ಎದ್ದಾಗ ಸ್ವಲ್ಪ ಒದ್ದೆ ಆಯ್ತು. ಮೂತ್ರ ಅಂತ ಮಾಡಿದೆ. ಬಟ್ಟೆ ಬದಲಿಸಿ ಬಂದೆ, ಪುನಃ ಒದ್ದೆ. ತಡೆದ್ರೂ ನಿಲ್ಲುದಿಲ್ಲ, ಮೂತ್ರದ ವಾಸನೆಯೂ ಇಲ್ಲ. ಧೋ ಅಂತ ಸುರಿಯುವುದು ಸಿನಿಮಾದಲ್ಲಿ, ನನಗೆ ಇಡೀ ದಿನ ಒಸರಿತು.

ಬಣ್ಣ ಮಾತ್ರ ನೋಡ್ಬೇಕು. ನನ್ನದು ಹಸಿರು ಇತ್ತು. ಮಗು ಒಳಗೇ ಕಕ್ಕ ಮಾಡಿದೆ ಅಂತ ಆಸ್ಪತ್ರೆಯಲ್ಲಿ ಹೇಳಿದ್ರು, ಕೂಡ್ಲೇ ಸೇರಿಸಿಕೊಂಡ್ರು.

ಹೆರಿಗೆ ವಾರ್ಡಿನವಳು · ಜುಲೈ 10, ಮಧ್ಯಾಹ್ನ 1:40

ನೀರು ಹೋದ್ರೆ ನೋವಿಗೆ ಕಾಯಬೇಡಿ. ಬಣ್ಣ ಬಿಳಿ ಇದ್ರೂ ಆಸ್ಪತ್ರೆಗೆ, ಹಸಿರು ಕಂದು ಇದ್ರೆ ಓಡಿ. ಹತ್ತಿ ಪ್ಯಾಡ್ ಇಟ್ಟುಕೊಳ್ಳಿ, ಬಣ್ಣ ಗೊತ್ತಾಗುತ್ತೆ. ಮಗುವಿನ ತಲೆ ಇನ್ನೂ ಮೇಲಿದ್ದಾಗ ನೀರು ಜೋರಾಗಿ ಹೋದ್ರೆ ಬಳ್ಳಿ ಕೆಳಗೆ ಜಾರೋ ಭಯ ಇರುತ್ತೆ. ಗಾಡೀಲಿ ಕೂರೋದಕ್ಕಿಂತ ಎಡಕ್ಕೆ ಮಲಗಿ ಹೋಗಿ.

ಹೆರಿಗೆ ಹತ್ರ ಬಂದಾಗ ಲೋಳೆ ಲೋಳೆಯಾಗಿ, ಸ್ವಲ್ಪ ರಕ್ತ ಬೆರೆತು ಹೋಗುತ್ತೆ. ಗರ್ಭಕೋಶದ ಬಾಯಿ ಮುಚ್ಚಿದ್ದ ಲೋಳೆ ಅದು. ಅದು ಹೋದ ದಿನವೇ ನೋವು ಬರಬಹುದು, ವಾರವೂ ಆಗಬಹುದು. ಆದ್ರೆ ಮುಟ್ಟಿನ ಹಾಗೆ ಕೆಂಪು ರಕ್ತ ಹರಿದ್ರೆ ಅದು ಬೇರೆ, ತಕ್ಷಣ 108.

ಸುಳ್ಳು ನೋವು, ನಿಜ ನೋವು. ಸುಳ್ಳು ನೋವಿಗೆ ಲೆಕ್ಕ ಇಲ್ಲ. ಹತ್ತು ನಿಮಿಷಕ್ಕೆ ಬರುತ್ತೆ, ಆಮೇಲೆ ಗಂಟೆಗಟ್ಟಲೆ ಇಲ್ಲ. ಮಲಗಿದ್ದವಳು ಎದ್ದು ನಡೆದ್ರೆ, ಬಿಸಿ ನೀರು ಹುಯ್ಕೊಂಡ್ರೆ ಹೋಗುತ್ತೆ. ನಿಜ ನೋವು ಏನು ಮಾಡಿದ್ರೂ ಬಿಡಲ್ಲ. ಹೆಚ್ಚಿನವರಿಗೆ ಸೊಂಟದಿಂದ ಶುರುವಾಗಿ ಮುಂದಕ್ಕೆ ಸುತ್ತಿ ಬರುತ್ತೆ. ಹದಿನೈದು ನಿಮಿಷ, ಹತ್ತು, ಏಳು, ಹೀಗೆ ಹತ್ರ ಹತ್ರ ಆಗ್ತಾ ಬಿಗಿಯಾಗುತ್ತೆ, ನೋವು ಬಂದಾಗ ಮಾತಾಡೋಕಾಗಲ್ಲ. ಪೇಟೆಯಲ್ಲಿರೋ ಚೊಚ್ಚಲಿನವರಿಗೆ ಐದು ನಿಮಿಷಕ್ಕೊಂದು, ಒಂದು ನಿಮಿಷ ಇರೋ ನೋವು, ಒಂದು ಗಂಟೆ ಬಿಡದೆ ಬಂದ್ಮೇಲೆ ಬನ್ನಿ ಅಂತೀವಿ. ನಿಮ್ಮದು ಹಳ್ಳದಾಚೆ ಮನೆ. ಈ ಲೆಕ್ಕ ನಿಮಗಲ್ಲ. ಲೆಕ್ಕ ಬಂದ ನೋವು ಅನ್ನಿಸಿದ ಕೂಡಲೇ ಹೊರಡಬೇಕು.

ತೋಟದಜ್ಜಿ · ಜುಲೈ 10, ಸಂಜೆ 5:30

(ಅಜ್ಜಿ ಹೇಳಿದ್ದನ್ನ ಮೊಮ್ಮಗಳು ಬರೀತಿದೀನಿ.)

ನಂಗೆ ಆರು ಹೆರಿಗೆ, ಆರೂ ಮನೇಲಿ. ದಿನ ತುಂಬಿದ ಮೇಲೆ ಬಿಸಿ ಅನ್ನಕ್ಕೆ ತುಪ್ಪ ಹೆಚ್ಚು ಹಾಕ್ತಿದ್ರು, ಹರಳೆಣ್ಣೆ ಎರಡು ಚಮಚ ಕುಡಿಸ್ತಿದ್ರು, ನೋವು ಬೇಗ ಬರ್ಲಿ ಅಂತ. ಒಗ್ಗರಣೆಗೆ ಕೂತಲ್ಲೇ ನೋವು ಬಂತು ನಂಗೆ ನಾಲ್ಕನೇದಕ್ಕೆ. ಸೂಲಗಿತ್ತಿ ಕೈ ಮುಟ್ಟಿದ್ರೆ ಮಗು ಎತ್ಲಾಗೆ ತಿರುಗಿದೆ ಅಂತ ಹೇಳ್ತಿದ್ಲು. ಈಗಿನವರು ಮಿಷನ್ನು ಅಂತಾರೆ.

ಹೆರಿಗೆ ವಾರ್ಡಿನವಳು · ಜುಲೈ 10, ಸಂಜೆ 6:05

ಅಜ್ಜಿಗೆ ನಮಸ್ಕಾರ. ಸೂಲಗಿತ್ತಿಯರ ಕೈಗುಣ ನಾನು ಅಲ್ಲಗಳೆಯಲ್ಲ. ಪಾವಗಡದ ನರಸಮ್ಮನವರು ಒಂದು ಪೈಸೆ ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡ್ರು. ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ ಅಂತ ಹೇಳೋದನ್ನ ನಮಗೂ ಮೊದಲು ಕಲಿಸ್ತಾರೆ, ಮಿಷನ್ ಆಮೇಲೆ.

ತುಪ್ಪ ಊಟಕ್ಕೆ ತಿನ್ನಲಿ, ಅದರಿಂದ ಮಗು ಜಾರಿ ಬರಲ್ಲ. ಆದ್ರೆ ಹರಳೆಣ್ಣೆ ಬೇಡ. ಭೇದಿಯಾಗಿ ಮೈಯ ನೀರೆಲ್ಲ ಹೋಗಿ ಸುಸ್ತಾಗಿ ಬರ್ತಾರೆ. ಹೆರೋಕೆ ಶಕ್ತಿ ಬೇಕಲ್ಲ ಅಜ್ಜಿ.

ತೋಟದಜ್ಜಿ · ಜುಲೈ 10, ಸಂಜೆ 6:40

ಅಜ್ಜಿ ಹೇಳ್ತಿದಾರೆ: ಆರರಲ್ಲಿ ಉಳಿದದ್ದು ನಾಲ್ಕು. ಆಸ್ಪತ್ರೆಗೇ ಹೋಗ್ಲಿ ಅಂತ.

ಅಪ್ಪನಾಗುವವನು · ಜುಲೈ 11, ರಾತ್ರಿ 10:10

ನನ್ನ ಹೆಂಡತಿಗೂ 35 ವಾರ, ತವರು ಹಾಸನ. ನಾನು ಬೆಂಗಳೂರಲ್ಲಿ ಕೆಲಸ. ಡೇಟ್ ದಿನಕ್ಕೆ ಒಂದು ವಾರ ರಜೆ ಹಾಕಿದೀನಿ. ಸಾಕಾ?

ಲೀಡ್ಸ್ ಕನ್ನಡತಿ · ಜುಲೈ 11, ರಾತ್ರಿ 10:30

ಡೇಟ್ ದಿನವೇ ಹುಟ್ಟೋದು ನೂರರಲ್ಲಿ ನಾಲ್ಕೈದು ಮಕ್ಕಳು ಮಾತ್ರ. ಕೊನೇ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿದ ಲೆಕ್ಕ ಅದು, 280 ದಿನ. 37ರಿಂದ 42 ವಾರದೊಳಗೆ ಯಾವಾಗ ಬೇಕಾದ್ರೂ ಬರಬಹುದು. ರಜೆ ಮುಂಚೆ ಹಾಕಬೇಡಿ. ನೋವು ಶುರುವಾಯ್ತು ಅಂದ ಕೂಡಲೇ ಹೊರಡೋ ಹಾಗೆ ಈಗಿಂದ್ಲೇ ಮ್ಯಾನೇಜರ್ ಹತ್ರ ಮಾತಾಡಿ. ಉಳಿದ ರಜೆ ಹುಟ್ಟಿದ ಮೇಲೆ ಬೇಕು, ಆಗ ರಾತ್ರಿಯೆಲ್ಲ ಎದ್ದಿರಬೇಕಾಗುತ್ತೆ.

ಬೇಸತ್ತವನು · ಜುಲೈ 11, ರಾತ್ರಿ 10:48

ಕೇಂದ್ರ ಸರ್ಕಾರದ ನೌಕರ ಆದ್ರೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿಯಲ್ಲಿ ಕಂಪನಿಯವರು ಕೊಟ್ಟಷ್ಟು. ಹೆಣ್ಣುಮಕ್ಕಳಿಗೆ 2017ರ ತಿದ್ದುಪಡಿ ಆದ್ಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ, ಅದರಲ್ಲಿ ಹೆರಿಗೆಗೆ ಮುಂಚೆ ಎಂಟು ವಾರದವರೆಗೆ ತಗೋಬಹುದು. ಕೂಲಿ ಮಾಡೋ ಹೆಣ್ಣಿಗೆ ಈ ರಜೆ ಸಿಗೋದು ಕಷ್ಟ.

ಹೊಲಿಗೆ ಬಿದ್ದವಳು · ಜುಲೈ 11, ರಾತ್ರಿ 11:05

ಅಪ್ಪನಾಗುವವನು ಅವರಿಗೆ: ದಿನಾ ರಾತ್ರಿ ಫೋನ್ ಮಾಡಿ "ಮಗು ಇವತ್ತು ಅಲುಗಾಡ್ತಾ" ಅಂತ ಮೊದಲು ಕೇಳಿ. "ನಿಂಗೆ ಭಯ ಆಗ್ತಿದೆಯಾ" ಅಂತಾನೂ ಕೇಳಿ. ನನ್ನನ್ನ ಯಾರೂ ಕೇಳಲಿಲ್ಲ.

ಆಶಾ ಅಕ್ಕ · ಜುಲೈ 12, ಮಧ್ಯಾಹ್ನ 3:20

ನಾನು ಆಶಾ ಕಾರ್ಯಕರ್ತೆ, ನಮ್ಮದೂ ಮಲೆನಾಡೇ. ತುಂಗಾತೀರ ಅವರೇ, ನಿಮ್ಮಂಥ ಮನೆಗಳನ್ನ ನಾನು ಮಳೆಗಾಲಕ್ಕೆ ಮುಂಚೆಯೇ ಗುರುತು ಹಾಕಿ ಇಟ್ಟಿರ್ತೀನಿ. ನೋವು ಬಂದ್ಮೇಲೆ 108ಕ್ಕೆ ಫೋನ್ ಮಾಡಿದ್ರೆ ಆಂಬುಲೆನ್ಸ್ ಡಾಂಬರು ರಸ್ತೆಯವರೆಗೆ ಬರುತ್ತೆ. ಅಲ್ಲಿಂದ ಮನೆಗೆ? ನಮ್ಮೂರಲ್ಲಿ ಒಬ್ಬಳನ್ನ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ತಂದಿದಾರೆ, ಹಳ್ಳ ಸೊಂಟದವರೆಗೆ. ಆ ರಾತ್ರಿ ನಾನು ಟಾರ್ಚ್ ಹಿಡ್ಕೊಂಡು ಮುಂದೆ ಇದ್ದೆ. ಇನ್ನೊಂದು ಸಲ ಅದನ್ನ ನೋಡೋ ಧೈರ್ಯ ನಂಗಿಲ್ಲ.

38 ವಾರ ಆಗೋ ಹೊತ್ತಿಗೆ ಆಸ್ಪತ್ರೆ ಹತ್ರ ನೆಂಟರ ಮನೆಗೆ ಹೋಗಿರಿ. ರಕ್ತ 10 ಇದ್ದವರು ರಕ್ತ ಸಿಗೋ ಕಡೆ ಹೆರಿಗೆ ಆಗೋದು ಒಳ್ಳೇದು. ನಿಮ್ಮ ರಕ್ತದ ಗುಂಪಿನ ಇಬ್ಬರ ಫೋನ್ ನಂಬರ್ ತಾಯಿ ಕಾರ್ಡಿನ ಹಿಂದೆ ಬರೆದಿಡಿ. ಚೀಲದಲ್ಲಿ ತಾಯಿ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ಎಲ್ಲ ರಿಪೋರ್ಟು. ಹಳೇ ಮೆತ್ತನೆ ಪಂಚೆ ಬಟ್ಟೆ ಒಗೆದು ಬಿಸಿಲಿಲ್ಲದಿದ್ರೆ ಇಸ್ತ್ರಿ ಮಾಡಿ ಇಡಿ. ಮುಂದೆ ಗುಂಡಿ ಇರೋ ನೈಟಿ, ಪ್ಯಾಡ್, ಮಗುಗೆ ಟೋಪಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧಿ, ರಕ್ತ, ಊಟ, ಮನೆಗೆ ಬಿಡೋ ನಗು-ಮಗು ಗಾಡಿ ಎಲ್ಲ ಉಚಿತ. ಯಾರಾದ್ರೂ ಕೈ ಚಾಚಿದ್ರೆ ಕೊಡಬೇಡಿ, 104ಕ್ಕೆ ಫೋನ್ ಮಾಡಿ ದೂರು ಕೊಡಿ.

ಇಬ್ಬರಮ್ಮ · ಜುಲೈ 12, ಸಂಜೆ 4:00

ಹುಟ್ಟೋ ಮುಂಚೆ ಮಗುವಿನ ಬಟ್ಟೆ ತೆಗೆದಿಡಬಾರದು ಅಂತ ನಮ್ಮಲ್ಲಿ.

ಆಶಾ ಅಕ್ಕ · ಜುಲೈ 12, ಸಂಜೆ 4:12

ಹೊಸದು ಬೇಡ ಅಕ್ಕ. ಹಳೇ ಪಂಚೆಗೆ ದೋಷ ಇಲ್ಲ. ಹುಟ್ಟಿದ ಮಗು ಒದ್ದೆ ಮೈಯಲ್ಲಿ ಚಳಿ ಹಿಡಿದು ಮಲಗಬಾರದು ಅಷ್ಟೆ.

ತುಂಗಾತೀರ · ಜುಲೈ 19, ಮಧ್ಯಾಹ್ನ 12:30

ಇವತ್ತಿಗೆ 38 ವಾರ. ಶಿವಮೊಗ್ಗದಲ್ಲಿ ಚಿಕ್ಕಮ್ಮನ ಮನೆಗೆ ಬಂದ್ವಿ, ಆಸ್ಪತ್ರೆಗೆ ಆಟೋದಲ್ಲಿ ಹತ್ತು ನಿಮಿಷ. ನಾವು ದಾಟಿದ ಮಾರನೇ ದಿನ ಸಂಕದ ಒಂದು ಮರ ಕೊಚ್ಚಿಹೋಯ್ತಂತೆ. ಅಪ್ಪ ಫೋನಲ್ಲಿ ಹೇಳಿ ಆಮೇಲೆ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ತವರು ಬಿಟ್ಟು ಬೇರೆ ಮನೇಲಿ ಹೆರಿಗೆ ಆಗೋದು ಅಮ್ಮನಿಗೆ ಇಷ್ಟ ಇರಲಿಲ್ಲ. ಬಾಣಂತಿ ಕೋಣೆ ಸುಣ್ಣ ಹೊಡೆದು, ಹಂಡೆ ಉಜ್ಜಿ, ಒಲೆಗೆ ಸೌದೆ ಒಟ್ಟಿ ಇಟ್ಟಿದ್ರು. ಹನ್ನೊಂದರ ನಂತರ ಅಲ್ಲಿಗೇ ಹೋಗೋಣ ಅಂತ ಮಾತಾಗಿದೆ.

ಕುಂದಾಪ್ರ ಹೆಣ್ಣು · ಜುಲೈ 19, ಮಧ್ಯಾಹ್ನ 1:00

ಒಳ್ಳೆದಾಯ್ತು ಬಂದದ್ದು. ಹಂಡೆ ಎಲ್ಲಿಗೂ ಓಡಿ ಹೋಗುದಿಲ್ಲ, ಅಮ್ಮನಿಗೆ ಹೇಳಿ.

ತುಂಗಾತೀರ · ಜುಲೈ 28, ಬೆಳಗಿನ ಜಾವ 3:15

ಯಾರಾದ್ರೂ ಎದ್ದಿದೀರಾ? 39 ವಾರ 2 ದಿನ. ಎರಡು ಗಂಟೆಯಿಂದ ಹತ್ತು ನಿಮಿಷಕ್ಕೊಂದು ನೋವು. ಮಗು ಚೆನ್ನಾಗಿ ಅಲುಗಾಡ್ತಿದೆ.

ಲೀಡ್ಸ್ ಕನ್ನಡತಿ · ಜುಲೈ 28, ಬೆಳಗಿನ ಜಾವ 3:19

ನಾನಿದೀನಿ, ಇಲ್ಲಿ ಇನ್ನೂ ರಾತ್ರಿ ಹನ್ನೊಂದು ಆಗಿಲ್ಲ. ಎದ್ದು ಸ್ವಲ್ಪ ನಡೀರಿ, ಬಿಸಿ ನೀರು ಹುಯ್ಕೊಳ್ಳಿ. ಪ್ರತಿ ನೋವಿನ ಹೊತ್ತು ಬರೆದಿಡಿ. ಚಿಕ್ಕಮ್ಮನ್ನ ಎಬ್ಬಿಸಿ, ಒಬ್ಬರೇ ಇರಬೇಡಿ.

ತುಂಗಾತೀರ · ಜುಲೈ 28, ಬೆಳಗಿನ ಜಾವ 4:40

ಸ್ನಾನ ಮಾಡಿದ್ಮೇಲೆ ಹೋಯ್ತು. ಸುಳ್ಳು ನೋವು. ಮಲಗ್ತೀನಿ. ಜೊತೆಗಿದ್ದದ್ದಕ್ಕೆ ಥ್ಯಾಂಕ್ಸ್ ಅಕ್ಕ.

ತುಂಗಾತೀರ · ಜುಲೈ 31, ಸಂಜೆ 6:00

ಹೆಣ್ಣು ಮಗು. ನಿನ್ನೆ ರಾತ್ರಿ 9:20ಕ್ಕೆ, 2.9 ಕೆಜಿ.

ನಿನ್ನೆ ಬೆಳಿಗ್ಗೆ ಲೋಳೆ ಹೋಯ್ತು, ಏಳು ಗಂಟೆಗೆ ಸೊಂಟ ಹಿಡಿದ ಹಾಗೆ ಶುರು. ಈ ಸಲ ಬಿಸಿ ನೀರಿಗೆ ಹೋಗಲಿಲ್ಲ, ನಡೆದ್ರೂ ಹೋಗಲಿಲ್ಲ. ಹತ್ತೂವರೆಗೆ ಆಸ್ಪತ್ರೆಗೆ ಹೋದಾಗ ಮೂರು ಸೆಂಟಿಮೀಟರ್. ಸಂಜೆ ಐದಕ್ಕೆ ಆರು. ಎಂಟಕ್ಕೆ ಹತ್ತು. ಮಧ್ಯದಲ್ಲಿ ನಂಗಾಗಲ್ಲ, ಕೊಯ್ದು ತೆಗೀರಿ ಅಂತ ಕೂಗಿದ್ದೆ. ಅಲ್ಲಿದ್ದ ನರ್ಸ್ ಬೆನ್ನು ಉಜ್ಜುತ್ತಾ "ಹಾಗೆ ಅನ್ನಿಸಿದ್ರೆ ಹತ್ರ ಬಂದಿದೆ ಅಂತ ಅರ್ಥ" ಅಂದ್ರು. ಬಳ್ಳಿ ಒಂದು ಸುತ್ತು ಇತ್ತು, ಬೆರಳಲ್ಲಿ ತೆಗೆದ್ರಂತೆ, ನಂಗೆ ಗೊತ್ತೇ ಆಗಲಿಲ್ಲ. ನಾಲ್ಕು ಹೊಲಿಗೆ ಬಿದ್ದಿದೆ. ಯಜಮಾನರು ಮೂರು ಗಂಟೆಗೆ ಬಸ್ಸಿಳಿದು ನೇರ ವಾರ್ಡಿಗೆ ಬಂದ್ರು. ಹುಟ್ಟಿದ ಅರ್ಧ ಗಂಟೆಗೆ ಹಾಲು ಕುಡಿಸಿದೆ. ಮೊದಲ ಹಾಲು ಹಿಂಡಿ ಚೆಲ್ಲಬೇಕು ಅಂತ ಪಕ್ಕದ ಹಾಸಿಗೆಯವರ ಅತ್ತೆ ಹೇಳಿದ್ರು, ಅಮ್ಮನೇ ಬೇಡ ಅಂದ್ರು.

ಧಾರವಾಡದ ದೊಡ್ಡವ್ವ · ಜುಲೈ 31, ಸಂಜೆ 6:08

ಮನಿಗೆ ಲಕ್ಷ್ಮಿ ಬಂದ್ಲು! ಅಂಟಿನ ಉಂಡಿ ಕಟ್ಟಿ ಕಳಸ್ಲೇನು?

ಇಬ್ಬರಮ್ಮ · ಜುಲೈ 31, ಸಂಜೆ 6:15

ಕಣ್ಣಲ್ಲಿ ನೀರು ಬಂತು. ತಾಯಿ ಮಗು ನೂರು ಕಾಲ ಚೆನ್ನಾಗಿರಿ.

ಹೆರಿಗೆ ವಾರ್ಡಿನವಳು · ಜುಲೈ 31, ರಾತ್ರಿ 8:30

ತುಂಬಾ ಸಂತೋಷ. ಪೋಲಿಯೋ ಹನಿ, ಬಿಸಿಜಿ, ಹೆಪಟೈಟಿಸ್ ಬಿ ಮೂರೂ ಹಾಕಿದ್ರಾ? ಹೆಪಟೈಟಿಸ್ ಬಿ 24 ಗಂಟೆಯೊಳಗೆ ಆಗಬೇಕು, ಈಗ್ಲೇ ಕೇಳಿ.

ತುಂಗಾತೀರ · ಜುಲೈ 31, ರಾತ್ರಿ 8:41

ಮಧ್ಯಾಹ್ನವೇ ಮೂರೂ ಆಯ್ತು ಅಕ್ಕ. ಕಾರ್ಡಲ್ಲಿ ಬರೆದಿದಾರೆ, ನೋಡಿ ಖಾತ್ರಿ ಮಾಡ್ಕೊಂಡೆ. ಈಗ ಎದ್ದು ಅಳ್ತಿದಾಳೆ, ಹಾಲು ಕುಡಿಸಿ ಬರ್ತೀನಿ.